ಸಲೂನ್ ಉಳಿಯಿತು, ಮಣ್ಣಿನ ಬುಟ್ಟಿ ಎಲ್ಲಿ?

ಮೈಸೂರಿಗೆ ಬಂದ ನೆಂಟರನ್ನು ನಾನು ರೈಲ್ವೆ ಮ್ಯೂಸಿಯಂಗೂ ಕರೆದೊಯ್ಯುತ್ತೇನೆ. ಎಲ್ಲರೂ ಮೊದಲು ಹುಡುಕುವುದು 1899ರ ಮಹಾರಾಣಿ ಸಲೂನನ್ನು. ಅಡುಗೆಮನೆ ಸಮೇತ ಇದ್ದ ಆ ಬೋಗಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ 1882ರಲ್ಲಿ ಮೈಸೂರು ತಲುಪಿದ ಈ ರೈಲುದಾರಿಯ ಮಣ್ಣಿನ ಕೆಲಸ ಶುರುವಾದದ್ದು 1876–78ರ ಬರಗಾಲದಲ್ಲಿ, ಹಸಿದವರಿಗೆ ಕೂಲಿ ಕೊಡುವ ಪರಿಹಾರ ಕಾಮಗಾರಿಯಾಗಿ. ಆ ಮಣ್ಣು ಹೊತ್ತವರ ಬಗ್ಗೆ ಯಾರೂ ನನ್ನನ್ನು ಕೇಳಿದ್ದಿಲ್ಲ.

ಹಾಗಾದರೆ ಕಾರ್ಮಿಕರದ್ದೇ ಒಂದು ಮ್ಯೂಸಿಯಂ ಮಾಡಿಬಿಟ್ಟರೆ ಸರಿಹೋಗುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬ ಹತ್ತಿ ಗಿರಣಿಯ ಊರನ್ನೇ ನೋಡಿ. 1800ರಿಂದ ಅದನ್ನು ನಡೆಸಿದ ರಾಬರ್ಟ್ ಓವೆನ್ ಹತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಯಿಂದ ಬಿಡಿಸಿ ಶಾಲೆಗೆ ಕಳಿಸಿದ. ಆದರ್ಶ ಸಮಾಜದ ಕನಸುಗಾರನೆಂದು ಹೆಸರಾದ. ಗಿರಣಿ 1968ರಲ್ಲಿ ಮುಚ್ಚಿತು, ಊರೀಗ ಮ್ಯೂಸಿಯಂ. ಆದರೆ ಅದೇ ಓವೆನ್ ಪ್ರತಿ ಕೆಲಸಗಾರನ ಪಕ್ಕ ನಾಲ್ಕು ಬಣ್ಣದ ಮರದ ತುಂಡೊಂದನ್ನು ನೇತುಹಾಕಿಸಿದ್ದ. ನಿನ್ನೆಯ ನಡತೆ ಕೆಟ್ಟದ್ದಾಗಿದ್ದರೆ ಇಂದು ಕಪ್ಪು ಬಣ್ಣ ಎದುರಿಗೆ, ಉತ್ತಮವಾಗಿದ್ದರೆ ಬಿಳಿ. ಧಣಿಯ ನಡತೆಗೆ ಬಣ್ಣ ಹಚ್ಚುವ ಹಲಗೆ ಮಾತ್ರ ಇರಲಿಲ್ಲ.

ಮಾದರಿ ಸಂಸ್ಥಾನದ ಮಕ್ಕಳಾದ ನಮಗೆ ಇದು ಹೊಸದಲ್ಲ. ‘ದೊಡ್ಡವರು ಮಾಡದಿದ್ದರೆ ಇದೆಲ್ಲ ಎಲ್ಲಿರುತ್ತಿತ್ತು?’ ಎಂದು ಕೈಮುಗಿಯುತ್ತೇವೆ. ಉಪಕಾರ ಸ್ಮರಣೆ ಬೇಡ ಎನ್ನುತ್ತಿಲ್ಲ. ಕೈಮುಗಿದ ಮೇಲೆ ಲೆಕ್ಕ ಕೇಳಬಾರದು ಎನ್ನುವುದಕ್ಕೆ ನನ್ನ ತಕರಾರು.

ನ್ಯೂ ಲ್ಯಾನಾರ್ಕ್ 2001ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದೇ ವರ್ಷ ಫೆಬ್ರವರಿ 28ರಂದು, ಹಿಂದೆ ಮೈಸೂರು ಸಂಸ್ಥಾನದಲ್ಲೇ ಇದ್ದ ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ನಾಳೆ ಯಾರಾದರೂ ಅಲ್ಲಿನ ಕಾರ್ಮಿಕರ ಲೈನ್‌ಮನೆಗಳಿಗೆ ಸುಣ್ಣ ಬಳಿದು, ಟಿಕೆಟ್ ಇಟ್ಟು, ಪರಂಪರೆ ಎಂದು ತೋರಿಸಬಹುದು. ಆಗ ಬೋರ್ಡಿನಲ್ಲಿ ಎಷ್ಟು ಟನ್ ಚಿನ್ನ ಸಿಕ್ಕಿತು, ಗಣಿ ಎಷ್ಟು ಆಳ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬಾರದು. ಕೂಲಿ ಎಷ್ಟಿತ್ತು, ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಿದ್ದರು, ಕಲ್ಲಿನ ದೂಳು ಕುಡಿದ ಶ್ವಾಸಕೋಶಗಳಿಗೆ ಏನಾಯಿತು ಎಂಬುದೂ ಇರಬೇಕು. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ನಿಯಮ ಬಂದಾಗ ಅದೇ ಕಾರ್ಮಿಕರು ಒಲ್ಲೆವೆಂದು ಮುಷ್ಕರ ಹೂಡಿದರು. ಆ ‘ಒಲ್ಲೆ’ಯನ್ನು ಬರೆಯದ ಬೋರ್ಡು ಎಷ್ಟೇ ಚೆಂದವಿದ್ದರೂ ಅದು ಧಣಿಯ ಬೋರ್ಡೇ.