ಮೆಮೊರಿ ಚಿಪ್‌ನೊಳಗೊಂದು ಜಮಾಅತ್

ತರಾವೀಹ್ ನಮಾಝ್ ನಡೆಯುತ್ತಿದೆ. ಮಸೀದಿಯ ಮೇಲಿನ ಅಂತಸ್ತಿನಲ್ಲಿ ಮಹಿಳೆಯರು ಸಾಲುಗಟ್ಟಿ ನಿಂತಿದ್ದಾರೆ. ಅಷ್ಟರಲ್ಲಿ ಧ್ವನಿವರ್ಧಕ ಕೈಕೊಟ್ಟರೆ? ಇಮಾಮರು ರುಕೂಗೆ ಹೋದರೋ ಸುಜೂದ್‌ಗೆ ಹೋದರೋ ತಿಳಿಯದು. ಕೆಲವರು ಬಾಗುತ್ತಾರೆ, ಕೆಲವರು ನಿಂತೇ ಇರುತ್ತಾರೆ. ಯಾರಲ್ಲೂ ಶ್ರದ್ಧೆಗೆ ಕೊರತೆಯಿಲ್ಲ, ತಪ್ಪಿದ್ದು ಹೊಂದಾಣಿಕೆ ಮಾತ್ರ.

ನಮ್ಮ ಕಂಪ್ಯೂಟರಿನ ಮೆಮೊರಿ ಚಿಪ್‌ನೊಳಗೂ ಇಂಥದೇ ಸಮಸ್ಯೆಯಿದೆ. ಅಲ್ಲಿ ಎಲ್ಲರಿಗೂ ಸೂಚನೆ ಕೊಡುವುದು 'ಕ್ಲಾಕ್' ಎಂಬ ವಿದ್ಯುತ್ ಮಿಡಿತ. 2000ನೇ ಇಸವಿಯಲ್ಲಿ ಮಾನದಂಡ ಪ್ರಕಟವಾದ ಡಿಡಿಆರ್ ಮೆಮೊರಿಯಲ್ಲಿ ಅದರ ವೇಗ ಸೆಕೆಂಡಿಗೆ 20 ಕೋಟಿ ಮಿಡಿತಗಳವರೆಗೆ ಏರಿತು. ಪ್ರತಿ ಮಿಡಿತದ ಏರಿಕೆಯಲ್ಲೊಮ್ಮೆ, ಇಳಿಕೆಯಲ್ಲೊಮ್ಮೆ ಮಾಹಿತಿ ಹೊರಬರಬೇಕು. ಆದರೆ ಚಿಪ್‌ನೊಳಗಿನ ಹಾದಿಗಳನ್ನು ದಾಟಿ ಬರುವಷ್ಟರಲ್ಲಿ ಮಿಡಿತ ತುಸು ಹಿಂದೆ ಬೀಳುತ್ತದೆ. ಆ ಒಂದಿಷ್ಟು ತಡದಿಂದಲೇ ಮಾಹಿತಿ ತಪ್ಪಾಗಿ ಓದಲ್ಪಡಬಹುದು.

ಕಳೆದ ಕ್ಷಣವನ್ನು ಮರಳಿ ತರಲು ಯಾರಿಂದಲೂ ಸಾಧ್ಯವಿಲ್ಲ. ಹಾಗಾದರೆ ಎಂಜಿನಿಯರರು ಏನು ಮಾಡಿದರು? ಅದನ್ನು ಇನ್ನಷ್ಟು ತಡಮಾಡಿದರು! ಹೋದ ಬಸ್ಸಿನ ಹಿಂದೆ ಓಡದೆ ಮುಂದಿನ ಬಸ್ಸಿಗೆ ನಿಲ್ಲುವಂತೆ, ಹಿಂದೆ ಬಿದ್ದ ಮಿಡಿತವನ್ನು ಅಳೆದು ತಡೆದು ಹೊರಗಿನ ಮುಂದಿನ ಮಿಡಿತದೊಡನೆ ಸರಿಯಾಗಿ ಜೋಡಿಸಿದರು. ಈ ಏರ್ಪಾಡಿಗೆ 'ಡಿಲೇ ಲಾಕ್ಡ್ ಲೂಪ್' ಎಂದು ಹೆಸರು.

ಅದು ಒಳಗಿನ ಮಿಡಿತವನ್ನು ಹೊರಗಿನದರೊಂದಿಗೆ ಹೋಲಿಸಿ, ಸ್ವಲ್ಪ ಸ್ವಲ್ಪವೇ ತಿದ್ದುತ್ತಾ ಹೋಗುತ್ತದೆ. ಇದಕ್ಕೆ ಸಮಯ ಬೇಕು. ಮೊದಲ ಡಿಡಿಆರ್‌ನಲ್ಲಿ 200 ಮಿಡಿತಗಳಷ್ಟು ಕಾಯಬೇಕು, ಡಿಡಿಆರ್3ರಲ್ಲಿ 512. ಕಂಪ್ಯೂಟರ್ ನಿದ್ರೆಗೆ ಜಾರಿದಾಗ ವಿದ್ಯುತ್ ಉಳಿಸಲು ಇದನ್ನೂ ನಿಲ್ಲಿಸುತ್ತಾರೆ. ಎಚ್ಚರವಾದಾಗ ಮತ್ತೆ ಹೊಂದಿಸಿಕೊಳ್ಳಬೇಕು. ನಮಗದು ಕಣ್ಣೆವೆ ಇಕ್ಕುವಷ್ಟು ಕಾಲವೂ ಅಲ್ಲ. ಪ್ರೊಸೆಸರಿಗೆ ಮಾತ್ರ ವ್ಯರ್ಥವಾಗಿ ಕಾಯುವ ಹೊತ್ತು.

ಈ ಕಾಯುವಿಕೆಯನ್ನು ತಗ್ಗಿಸುವ ಒಂದು ದಾರಿ ನಿಘಂಟಿನಲ್ಲಿ ಪದ ಹುಡುಕಿದಂತೆ. ಮೊದಲ ಪುಟದಿಂದ ಆರಂಭಿಸದೆ ನಡುವೆ ತೆರೆದು, ಯಾವ ಅರ್ಧದಲ್ಲಿದೆ ಎಂದು ನೋಡುತ್ತಾ ಹೋದರೆ 64 ಮೆಟ್ಟಿಲುಗಳಲ್ಲಿ ಸರಿಯಾದುದನ್ನು ಆರೇ ಹೋಲಿಕೆಗಳಲ್ಲಿ ಹಿಡಿಯಬಹುದು. ಇನ್ನೊಂದು ದಾರಿಯನ್ನು ಜಪಾನಿನ ಎನ್‌ಇಸಿ ಸಂಸ್ಥೆಯ ಎಂಜಿನಿಯರರು 1996ರಲ್ಲಿ ತೋರಿಸಿದರು. ಒಂದು ಮಿಡಿತದಲ್ಲಿ ಎಷ್ಟು ತಡೆಯಬೇಕೆಂದು ಅಳೆಯುವುದು, ಕನ್ನಡಿಯಲ್ಲಿ ಕಂಡಂತೆ ಅಷ್ಟನ್ನೇ ಮುಂದಿನ ಮಿಡಿತದಲ್ಲಿ ನಕಲು ಮಾಡುವುದು. ಎರಡೇ ಮಿಡಿತಗಳಲ್ಲಿ ಕೆಲಸ ಮುಗಿಯಿತು! ಆದರೆ ಈ ವೇಗಕ್ಕೂ ಬೆಲೆಯಿದೆ. ಫಲಿತಾಂಶವನ್ನು ಮತ್ತೆ ಹೋಲಿಸಿ ನೋಡದ ಕಾರಣ ಸಣ್ಣ ತಪ್ಪು ಹಾಗೆಯೇ ಉಳಿದುಬಿಡುತ್ತದೆ. ಆದ್ದರಿಂದ ಮೊದಲು ಅವಸರದಲ್ಲಿ ಸುಮಾರಾಗಿ ಹೊಂದಿಸಿ, ಬಳಿಕ ನಿಧಾನವಾಗಿ ನಯವಾಗಿ ತಿದ್ದುವ ವಿನ್ಯಾಸಗಳೂ ಬಂದವು.

ತಡವಾದವರು ಜಮಾಅತ್‌ಗೆ ಓಡೋಡಿ ಬರಬಾರದು, ಸಮಾಧಾನದಿಂದ ಬಂದು ಸೇರಿಕೊಂಡು, ತಪ್ಪಿದ್ದನ್ನು ಆಮೇಲೆ ಪೂರ್ತಿಗೊಳಿಸಬೇಕೆಂದು ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರೆ. ಬೆಳಗಿನ ಗಡಿಬಿಡಿಯಲ್ಲಿ ಮಕ್ಕಳನ್ನು, ನಮ್ಮನ್ನು ನಾವೇ ಗದರುತ್ತಾ ಓಡುವಾಗ ಇದು ಮರೆತುಹೋಗುತ್ತದೆ. ಹಿಂದೆ ಬಿದ್ದೆವೆಂದು ಕಂಗೆಡಬೇಕಿಲ್ಲ. ಎಷ್ಟು ಹಿಂದಿದ್ದೇವೆಂದು ಪ್ರಾಮಾಣಿಕವಾಗಿ ಅಳೆದುಕೊಂಡರೆ ಮುಂದಿನ ಹೆಜ್ಜೆಯಲ್ಲಿ ಜೊತೆಗೂಡಬಹುದು.