ಬೆಂಕಿ ಕಾಯಿಸುವಾಗ ಕೇಳಿದ ಪ್ರಶ್ನೆ

ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮು, ಆಯುಧಪೂಜೆಯ ಮಧ್ಯಾಹ್ನ. ತಕ್ಕಡಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ತುಂಬು ಬಿಡಿಸುವ ಹೆಂಗಸರ ಸಾಲಿನಲ್ಲಿ ಕುಂಕುಮದ ಬಟ್ಟಲು ಕೈಯಿಂದ ಕೈಗೆ ಬರುತ್ತಿತ್ತು. ಕೊನೆಯಲ್ಲಿ ಕೂತಾಕೆ ಅದನ್ನು ಎರಡೂ ಕೈಯಿಂದ ಇಸಿದುಕೊಂಡಳು. ಹಚ್ಚಿಕೊಳ್ಳದೆ ಪಕ್ಕದಾಕೆಗೆ ಕೊಟ್ಟಳು. ‘ಯಾಕವಾ, ಹಬ್ಬದ ದಿನಾನೂ ಬ್ಯಾಡೇನು?’ ಎಂದಳು ಹಿರಿಯಾಕೆ. ‘ನಾ ಯೇಸುಸ್ವಾಮಿನ ನಂಬೇನಿ ಯಕ್ಕಾ, ನೀವು ಹಚ್ಕೊಳ್ರಿ.’ ದನಿ ಏರಲಿಲ್ಲ, ತಲೆ ತಗ್ಗಲಿಲ್ಲ. ಸಂಜೆ ಬಟವಾಡೆಯ ಹೊತ್ತಿಗೆ ಅವಳೇ ಎದ್ದು ಬಂದು, ತನ್ನ ಲೆಕ್ಕದಲ್ಲಿ ಎರಡು ಕೆ.ಜಿ. ಹೆಚ್ಚು ಬಿದ್ದದ್ದನ್ನು ತೋರಿಸಿ ಹೊಡೆಸಿ ಹಾಕಿಸಿದಳು. ಆಮೇಲೆ ಮಗನ ಕಾಲೇಜಿನ ಅರ್ಜಿಯನ್ನು ನನ್ನ ಮುಂದೆ ಹಿಡಿದಳು: ‘ತುಂಬಿಕೊಡ್ರಿ ಸರ.’

ಸುವಾರ್ತೆಗಳಲ್ಲಿ ಪೇತ್ರನ ಕಥೆ ಓದುವಾಗಲೆಲ್ಲ ನನಗೆ ನಾಟುವುದು ಆ ಅಂಗಳದ ಬೆಂಕಿ. ಊಟದ ಪಂಕ್ತಿಯಲ್ಲಿ, ಗೆಳೆಯರ ನಡುವೆ, ಸಾಯಲೂ ಸಿದ್ಧ ಎಂದು ಮಾತು ಕೊಟ್ಟವನು ಅವನು. ಅದೇ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸುತ್ತಿದ್ದಾಗ ಮನೆಗೆಲಸದ ಹುಡುಗಿಯೊಬ್ಬಳು, ನೀನೂ ಅವನ ಜೊತೆಯವನಲ್ಲವೇ ಎಂದು ಕೇಳಿದಳು. ಅಷ್ಟಕ್ಕೇ ಅವನ ನಾಲಿಗೆ ಹೊರಳಿತು. ರಾಣೆಬೆನ್ನೂರಿನಲ್ಲೋ ಹಾವೇರಿಯಲ್ಲೋ ದೃಢೀಕರಣದ ಆರಾಧನೆಯಲ್ಲಿ ಹುಡುಗರು ಸಭೆಯ ಮುಂದೆ ನಿಂತು ಹೌದು ಎನ್ನುವುದು ಊಟದ ಪಂಕ್ತಿಯ ಮಾತು. ಅಂಗಳದ ಬೆಂಕಿ ಸೋಮವಾರ ಬೆಳಿಗ್ಗೆಯಿಂದ ಹೊತ್ತಿಕೊಳ್ಳುತ್ತದೆ.

ಕನ್ನಡ ನಾಡಿನಲ್ಲಿ ಆ ಬೆಂಕಿಯ ಮುಂದೆ ಗಟ್ಟಿಯಾಗಿ ನಿಂತವರಲ್ಲಿ ಆನಂದರಾವ್ ಕೌಂಡಿನ್ಯ ಒಬ್ಬರು. ಬಾಸೆಲ್ ಮಿಷನ್ನಿನವರ ಬಳಿ ಓದಿದ ಸಾರಸ್ವತ ಬ್ರಾಹ್ಮಣ ತರುಣ. 1844ರ ಜನವರಿ 6ರಂದು ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ತಿರುಗಿಬಿತ್ತು. ಜಾತಿ ಬಿಟ್ಟವನ ಆಸ್ತಿಯ ಹಕ್ಕನ್ನು ಉಳಿಸುವ ಕಾನೂನು ದೇಶಕ್ಕೆಲ್ಲ ಬಂದದ್ದು 1850ರಲ್ಲಿ. ಇವರು ಅದಕ್ಕಾಗಿ ಕಾದವರಲ್ಲ. ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಆದರೆ ನನಗೆ ಆ ದೀಕ್ಷೆಗಿಂತ ದೊಡ್ಡದಾಗಿ ಕಾಣುವುದು ಕೊಡಗಿನ ಆನಂದಪುರ. ಹೊಲೆಯ ಕೂಲಿಗಳಿಗೆ ನೆಲೆಯಾದ ಆ ಊರು ಹೊತ್ತಿರುವುದು ಇವರದೇ ಹೆಸರು.

ನಮ್ಮ ಕಾಲದ ಪ್ರಶ್ನೆ ಅರ್ಜಿಯ ಕಾಲಮ್ಮಿನಲ್ಲಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮನ್ನಣೆ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ದಲಿತ ಕ್ರೈಸ್ತ ಹೊರಗೇ ಉಳಿದ. ಕೇರಿ ಅದೇ, ಊರವರ ಕಣ್ಣೂ ಅದೇ. ಬಾಯಿಬಿಟ್ಟು ಹೇಳಿದರೆ ಮಗನ ಸೀಟು ಹೋಗುತ್ತದೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ದಾಖಲೆಗೊಂದು ಹೆಸರು, ಪ್ರಾರ್ಥನೆಗೊಂದು ಹೆಸರು. ಅವರನ್ನು ಪೇತ್ರನ ಸಾಲಿಗೆ ಸೇರಿಸಿ ಬೈಯಲು ನನಗೆ ಮನಸ್ಸಿಲ್ಲ. ನಿಜ ಹೇಳಿದವನಿಗೆ ದಂಡ ಹಾಕುವ ವ್ಯವಸ್ಥೆಯೇ ತಪ್ಪಿತಸ್ಥ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. 2022ರ ಕರ್ನಾಟಕದ ಕಾಯ್ದೆಯಾದರೋ, ಧರ್ಮ ಬದಲಿಸುವವನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ 30 ದಿನ ಮೊದಲೇ ಘೋಷಣೆ ಕೊಡಬೇಕು, ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿ ಆಕ್ಷೇಪಣೆ ಕರೆಯಬೇಕು ಎಂದಿತು. ಮನಸ್ಸಿನ ಮಾತಿಗೆ ಊರವರ ಆಕ್ಷೇಪಣೆ ಯಾಕೆ?

ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ದಡದಲ್ಲಿ ನಿಂತಾಗ ಅಂಬಿಗರ ಚೌಡಯ್ಯ ನೆನಪಾಗದಿರುವುದಿಲ್ಲ. ನಂಬಿದ್ದನ್ನು ಎದುರಿಗೇ ಹೇಳಿದ ಶರಣ. ಹೇಳಿ ಬದುಕುವುದು ಈ ಸೀಮೆಗೆ ಹೊರಗಿನಿಂದ ಬಂದದ್ದಲ್ಲ.

ಅವತ್ತು ಅರ್ಜಿಯ ಧರ್ಮದ ಕಾಲಮ್ಮಿಗೆ ಬಂದಾಗ ನನ್ನ ಪೆನ್ನು ನಿಂತಿತು. ಏನು ಬರೆದರೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಿದೆ. ಖಾರ ಮೆತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕೇಳಿದಳು. ಮಗನ ಮುಖ ನೋಡಿದಳು. ಅವನು ತಲೆಯಾಡಿಸಿದ.

‘ಇದ್ದದ್ದ ಬರೀರಿ ಸರ.’