ಕೀಚಕನ ಮಾತು ಕತ್ತರಿಸಿದರೆ ಭೀಮನಿಗೇನು ಕೆಲಸ?

ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದು ದೆವ್ವವನ್ನೇ ಸಾಗಹಾಕಿದ ಊರು ಬೆಂಗಳೂರು. ಅದೇ ಊರು 2025ರಲ್ಲಿ, ರಕ್ತ ಹೀರುವ ಯಕ್ಷಿಯ ಸಿನಿಮಾದ ಒಂದೇ ಒಂದು ಸಾಲಿಗೆ ಕಂಗಾಲಾಯಿತು.

ಆಗಸ್ಟ್ 28ರಂದು ತೆರೆಕಂಡ ಮಲಯಾಳಂ ಚಿತ್ರ ‘ಲೋಕಾ ಅಧ್ಯಾಯ 1: ಚಂದ್ರ’. ನಿರ್ದೇಶನ ಡೊಮಿನಿಕ್ ಅರುಣ್, ನಿರ್ಮಾಣ ದುಲ್ಕರ್ ಸಲ್ಮಾನ್ ಅವರ ವೇಫೇರರ್ ಫಿಲ್ಮ್ಸ್. ಕೇರಳದ ಜನಪದ ಕತೆಯ ಯಕ್ಷಿ ಕಳ್ಳಿಯಂಕಾಟ್ಟು ನೀಲಿಯನ್ನು ಕರೆತಂದು ಬೆಂಗಳೂರಿನಲ್ಲಿ ಬಿಟ್ಟಿದ್ದಾರೆ. ಅಂಗಾಂಗ ಕದಿಯುವ ಗ್ಯಾಂಗು, ಕೆಟ್ಟ ಪೊಲೀಸು, ಹೊಡೆದಾಟ, ಧಾರಾಳ ರಕ್ತ. ಸುಳ್ಳೇಕೆ, ಮಜವಾಗಿದೆ.

ಆ ಪೊಲೀಸು ಇನ್‌ಸ್ಪೆಕ್ಟರ್ ನಾಚಿಯಪ್ಪ ಗೌಡ. ಮದುವೆಯ ಮಾತು ಬಂದಾಗ ಈ ಊರಿನ ಹುಡುಗಿಯರ ನಡತೆಯನ್ನು ಹೀಗಳೆಯುತ್ತಾನೆ. ಆಕ್ಷೇಪ ಎದ್ದಿತು. ಸೆಪ್ಟೆಂಬರ್ ಮೊದಲ ವಾರದಲ್ಲೇ ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ, ಆ ಮಾತನ್ನು ತೆಗೆಯುವುದಾಗಿ ಹೇಳಿತು. ಗೆದ್ದೆವು ಎಂದು ಬೀಗಿದೆವು.

ಗೆದ್ದದ್ದೇನು? ಹೆಂಗಸರನ್ನು ಕಂಡರಾಗದ ಆ ಮನುಷ್ಯನ ಮೇಲೆ ನಮಗೆ ಅಸಹ್ಯ ಹುಟ್ಟಲಿ ಎಂದೇ ಅವನ ಬಾಯಿಗೆ ಆ ಮಾತು ಹಾಕಿದ್ದು. ಯಕ್ಷಗಾನದಲ್ಲಿ ಕೀಚಕ ಸೈರಂಧ್ರಿಗೆ ಆಡುವ ಮಾತು ಕಿವಿಗೆ ಹಿತವೇ? ಅದನ್ನು ಕತ್ತರಿಸಿದರೆ ಭೀಮ ಹೊಡೆಯುವುದು ಯಾರನ್ನು, ಯಾಕೆ?

ನನಗೆ ಚುಚ್ಚಿದ್ದು ಬೇರೆ. ಮಗುವಿಗೆ ನಾಚಿಯಪ್ಪ ಎಂದು ಹೆಸರಿಡುವ ಗೌಡರನ್ನು ಮಂಡ್ಯದಲ್ಲಿ ನಾನಂತೂ ಕಂಡಿಲ್ಲ. ಹೆಸರಿಗೆ ತಮಿಳಿನ ವಾಸನೆ, ಬಾಲಕ್ಕೊಂದು ಗೌಡ. ಚಿತ್ರದ ಬೆಂಗಳೂರು ಇಲ್ಲಿ ಬಂದು ನೆಲೆಸಿದ ಮಲಯಾಳಿ ಹುಡುಗರ ಕಣ್ಣಿಗೆ ಕಾಣುವ ಊರು. ಆ ಕಣ್ಣಿಗೆ ಕನ್ನಡಿಗ ಎದ್ದು ಕಂಡದ್ದು ಖಾಕಿಯಲ್ಲಿ, ಖಳನಾಗಿ. ಈ ಉದಾಸೀನಕ್ಕೆ ಕ್ಷಮೆ ಕೇಳಿ ಎಂದು ನಾವು ಪಟ್ಟು ಹಿಡಿಯಲಿಲ್ಲ. ಕತ್ತರಿ ಕೇಳುವುದು ಸುಲಭ, ವಿಮರ್ಶೆ ಬರೆಯುವುದು ಕಷ್ಟ.

ಕತ್ತರಿಯ ಚಟ ಎಲ್ಲಿಗೆ ಮುಟ್ಟುತ್ತದೆಂದು ಗುಜರಾತಿಗೆ ಹೋಗಿ ಕೇಳಿ. 2006ರಲ್ಲಿ ಆಮಿರ್ ಖಾನ್ ನರ್ಮದಾ ಅಣೆಕಟ್ಟಿನ ಸಂತ್ರಸ್ತರ ಪರ ಮಾತಾಡಿದರೆಂದು ಅವರ ‘ಫನಾ’ ಚಿತ್ರವನ್ನು ಅಲ್ಲಿನ ಬಹುತೇಕ ಥಿಯೇಟರುಗಳು ಹಾಕಲಿಲ್ಲ. 2002ರಲ್ಲಿ ಅಹಮದಾಬಾದಿನ ಗುಲ್ಬರ್ಗ್ ಸೊಸೈಟಿಯ ಹತ್ಯಾಕಾಂಡದಲ್ಲಿ ಮಗ ಕಾಣೆಯಾದ ಕುಟುಂಬದ ಕತೆ ‘ಪರ್ಜಾನಿಯಾ’. 2007ರಲ್ಲಿ ಅದು ಬಿಡುಗಡೆಯಾದಾಗ ಅಹಮದಾಬಾದ್, ವಡೋದರಾ, ಸೂರತ್‌ನ ಮಲ್ಟಿಪ್ಲೆಕ್ಸ್‌ನವರು ಮುಟ್ಟಲಿಲ್ಲ. ಸರ್ಕಾರದ ಆದೇಶ ಬೇಕಾಗಲಿಲ್ಲ, ಹೆದರಿಕೆಯೇ ಸಾಕಾಯಿತು. 2018ರ ಜನವರಿ 18ರಂದು ‘ಪದ್ಮಾವತ್’ ಮೇಲಿನ ನಿಷೇಧಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು; ಐದೇ ದಿನಕ್ಕೆ ಅಹಮದಾಬಾದಿನ ಮಾಲ್‌ಗಳ ಮುಂದೆ ವಾಹನಗಳು ಉರಿದವು. ಕೋರ್ಟು ಗೆದ್ದ ಚಿತ್ರವನ್ನೂ ಥಿಯೇಟರಿನವರು ಹಾಕಲಿಲ್ಲ.

ನಾವೇನು ಕಮ್ಮಿ? ಕನ್ನಡ ಹುಟ್ಟಿದ್ದು ತಮಿಳಿನಿಂದ ಎಂಬ ಕಮಲ ಹಾಸನ್ ಮಾತು ತಪ್ಪೇ. ಅದಕ್ಕೆ ಉತ್ತರಿಸಲು ನಮ್ಮಲ್ಲಿ ಹಲ್ಮಿಡಿ ಶಾಸನದಿಂದ ಹಿಡಿದು ಭಾಷಾಶಾಸ್ತ್ರಜ್ಞರವರೆಗೆ ಎಲ್ಲವೂ ಇತ್ತು. ನಾವು ಮಾಡಿದ್ದು ಅವರ ‘ಥಗ್ ಲೈಫ್’ ಚಿತ್ರಕ್ಕೆ ಬಾಗಿಲು ಹಾಕಿದ್ದು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನಿಂದ ಛೀಮಾರಿ ಹಾಕಿಸಿಕೊಂಡು, ಸೆಪ್ಟೆಂಬರ್‌ನಲ್ಲಿ ‘ಲೋಕಾ’ ಎದುರು ಮತ್ತೆ ಅದೇ ರಾಗ.

‘ಲೋಕಾ’ದ ಎರಡನೇ ಅಧ್ಯಾಯವೂ ಘೋಷಣೆಯಾಗಿದೆ. ನಿರ್ಮಾಪಕರೇ, ಕತೆ ಮತ್ತೆ ಬೆಂಗಳೂರಿಗೆ ಬಂದರೆ ಚಿತ್ರಕಥೆಯನ್ನು ಮೊದಲು ಒಬ್ಬ ಕನ್ನಡಿಗನ ಕೈಗೆ ಕೊಟ್ಟು ಓದಿಸಿ. ಖಳನನ್ನು ಎಷ್ಟು ಬೇಕಾದರೂ ಕೆಟ್ಟವನನ್ನಾಗಿ ಮಾಡಿ; ಹೆಸರನ್ನಾದರೂ ಸರಿಯಾಗಿ ಇಡಿ.